ಮೇಷ್ಟ್ರು ಮೆಚ್ಚಿದ ದೀಪ

ಗುಬ್ಬಿಗೆ ಎರಡನೇ ಪ್ರಶ್ನೆ ಕೇಳಲು ಬರುತ್ತಿರಲಿಲ್ಲ.

ಇದನ್ನು ಅವಳು ಯಾರ ಮುಂದೆಯೂ ಬಾಯಿಬಿಟ್ಟು ಒಪ್ಪಿಕೊಂಡವಳಲ್ಲ. ದಿನಚರಿ ಬರೆಯಲು ಕೂತಾಗಲೂ ಈ ಸಂಗತಿಯ ಸುತ್ತ ಒಂದು ಸುತ್ತು ಹಾಕಿ, ಹವಾಮಾನದ ಬಗ್ಗೆ ಏನೋ ಗೀಚಿ ಮುಚ್ಚಿಡುತ್ತಿದ್ದಳು. ಈಗ ವರ್ಕ್‌ಶಾಪಿನ ಹಿಂದಿನ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು, ಅಂಚು ಒಡೆದ ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡುತ್ತ, ತುಟಿ ಮಾತ್ರ ಅಲುಗಿಸಿ ಹೇಳಿಕೊಂಡಳು: ನನಗೆ ಎರಡನೇ ಪ್ರಶ್ನೆ ಬರಲ್ಲ. ಮೊದಲನೆಯದಕ್ಕೇ ಗಂಟಲು ಒಣಗುತ್ತೆ.

ವಿಚಿತ್ರವೆಂದರೆ ಅವಳ ಕೆಲಸವೇ ಪ್ರಶ್ನೆ ಕೇಳುವುದು. ಹಾಸಿಗೆ, ಒಲೆ, ಫ್ರಿಜ್ಜು, ಪುಸ್ತಕದ ಗೂಡು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಊರೂರು ತಿರುಗುವ ಮನೆಗಾಡಿಗಳಿಗೆ ಲಿಥಿಯಂ ಬ್ಯಾಟರಿ ಕೂರಿಸುವ ವರ್ಕ್‌ಶಾಪು ಅದು. ಸೋದರಮಾವನದು. ಕೂರಿಸಿಕೊಂಡು ಹೋದವರಿಗೆಲ್ಲ ಫೋನು ಮಾಡಿ ತೃಪ್ತಿಯಾಗಿದೆಯೇ ಎಂದು ವಿಚಾರಿಸುವ ಕುರ್ಚಿ ಗುಬ್ಬಿಯದು. ಪದವಿ ಮುಗಿಸಿ ಮನೆಯ ಮೂಲೆ ಹಿಡಿದಿದ್ದವಳನ್ನು ಮಾವನೇ ಕೈಹಿಡಿದು ಕರೆತಂದು ಆ ಕುರ್ಚಿಯ ಮೇಲೆ ಕೂರಿಸಿದ್ದರು. ಫೋನಿನಲ್ಲಿ ಮುಖ ಕಾಣಲ್ಲವಲ್ಲ ಕಂದ, ಹೆದರಿಕೆ ಯಾಕೆ ಎಂದಿದ್ದರು. ಗುಬ್ಬಿ ಎಂಬ ಅಡ್ಡಹೆಸರೂ ಅವರು ಇಟ್ಟದ್ದೇ, ಅವಳ ದನಿಯ ಗಾತ್ರ ನೋಡಿ.

ಆ ಕಡೆಯವರು 'ಚೆನ್ನಾಗಿದೆ' ಎಂದರೆ ಸಾಕು, ಅವಳು ಥ್ಯಾಂಕ್ಸ್ ಹೇಳಿ ಫೋನಿಟ್ಟುಬಿಡುತ್ತಿದ್ದಳು. ಏನು ಚೆನ್ನಾಗಿದೆ, ಯಾವಾಗಿನಿಂದ ಚೆನ್ನಾಗಿದೆ ಎಂದು ಕೆದಕಿದವಳಲ್ಲ. ಹೀಗಾಗಿ ಅವಳ ಪ್ರಕಾರ ಲೋಕದಲ್ಲಿರುವ ಮನೆಗಾಡಿಯವರೆಲ್ಲ ಸಂತೃಪ್ತರು.

ಅಂಥ ಸಂತೃಪ್ತರಲ್ಲೊಬ್ಬರು, ನಿವೃತ್ತ ಭೂಗೋಳದ ಮೇಷ್ಟ್ರು, ಈಗ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು. ಕೆರೆಯಂಚಿನಲ್ಲಿ ನಿಲ್ಲಿಸಿದ್ದ ಅವರ ಮನೆಗಾಡಿ ಸಿಡಿದು ಹೊತ್ತಿಕೊಂಡಿತ್ತು. ಅದಕ್ಕೆ ಬ್ಯಾಟರಿ ಕೂರಿಸಿದ್ದು ಗುಬ್ಬಿಯ ಭಾವ, ಅಕ್ಕನ ಗಂಡ.

ಬಾಗಿಲಿನ ಮೇಲೆ ಬೆರಳು ಬಡಿಯಿತು.

"ಗುಬ್ಬಿ, ಟ್ಯಾಂಕಿನಲ್ಲಿ ನಮಗೂ ಒಂದು ಚೊಂಬು ನೀರು ಉಳಿಸ್ತೀಯೋ ಇಲ್ವೋ? ಪತ್ತೇದಾರರು ಕರೀತಿದ್ದಾರೆ ಬಾ."

ಭಾವನ ದನಿ. ತಮಾಷೆ ಎಂದಿನದೇ, ದನಿ ಎಂದಿನದಲ್ಲ.

ಅವಳು ನಲ್ಲಿ ನಿಲ್ಲಿಸಿದಳು. ಜೇಬಿನಲ್ಲಿ ಮೊಬೈಲು ಮತ್ತೆ ಗುಂಯ್‌ಗುಟ್ಟಿತು. ಅಕ್ಕ. ಬೆಳಗಿನಿಂದ ಒಂದೇ ಸಮ: ಏನಾಯ್ತು, ಏನಂದ್ರು, ನಿಮ್ಮ ಭಾವ ತಿಂಡಿ ತಿಂದ್ರಾ. ಗುಬ್ಬಿ ಯಾವುದಕ್ಕೂ ಉತ್ತರಿಸಿರಲಿಲ್ಲ. ತಿಂಡಿಯ ಡಬ್ಬಿ ಭಾವನ ಮೇಜಿನ ಮೇಲೆ ಮುಚ್ಚಳ ತೆಗೆಯದೆ ಕೂತಿತ್ತು.

ಷೆಡ್ಡಿನ ತಗಡು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಅದಕ್ಕೂ ಬೆಳಗಿನಿಂದ ನೆಮ್ಮದಿಯಿಲ್ಲ. ದಾರಿಯಲ್ಲಿ ಭಾವ ಸುಮ್ಮನೆ ನಡೆಯಲಾರದೆ ಏನೇನೋ ಹರಟಿದರು. ಮಾವ ಇವತ್ತು ಕೋಟು ಹಾಕಿಕೊಂಡು ಬೇಯುತ್ತಿದ್ದಾರೆ ನೋಡು, ಅದೂ ನನ್ನಿಂದಲೇ ಎಂದರು. ಬೆಳಿಗ್ಗೆ ಮಾವನ ಶರ್ಟಿನ ಹೊಟ್ಟೆಯ ಮೇಲೆ ಸಾಸಿವೆಯಷ್ಟು ಸಾಸಿವೆಯಷ್ಟು ತೂತು ಕಂಡು, ಇದೇನು ಮಾವ, ಶರ್ಟಿಗೂ ಗಾಳಿಕಿಂಡಿ ಇಡಿಸಿದ್ದೀರಲ್ಲ ಎಂದು ಛೇಡಿಸಿದ್ದರಂತೆ. ಮಾವ ವಾಷಿಂಗ್ ಮೆಷಿನ್ನಿಗೆ ಬೈದು, ಹೋಗಿ ಕೋಟು ತೊಟ್ಟು ಬಂದಿದ್ದರಂತೆ.

ಗುಬ್ಬಿ ನಗಲು ಪ್ರಯತ್ನಿಸಿದಳು. ಭಾವನೂ ಪ್ರಯತ್ನಿಸಿದರು. ಇಬ್ಬರಿಗೂ ಆಗಲಿಲ್ಲ.

ಷೆಡ್ಡಿನ ನಡುವೆ ಮೇಷ್ಟ್ರ ಮನೆಗಾಡಿ ನಿಂತಿತ್ತು. ಒಂದು ಮಗ್ಗುಲು ಇನ್ನೂ ಹಾಲುಬಿಳುಪು, ಇನ್ನೊಂದು ಮಗ್ಗುಲು ಕರಕಲು. ಕಿಟಕಿಯ ರಬ್ಬರು ಕರಗಿ ಕೆಳಗಿಳಿದು, ಇಳಿಯುತ್ತಿದ್ದ ಹಾಗೆಯೇ ಗಟ್ಟಿಯಾಗಿತ್ತು. ಮಂಚದ ಅಡಿಯಲ್ಲಿ ಬ್ಯಾಟರಿ ಇಡುವ ಗೂಡಿನ ಬಾಗಿಲು ಹೊರಕ್ಕೆ ಉಬ್ಬಿ, ತುಟಿ ಊದಿದವರ ಬಾಯಿಯಂತೆ ತೆರೆದುಕೊಂಡಿತ್ತು.

ಅದರ ಮುಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಪತ್ತೇದಾರರು ಕೂತಿದ್ದರು. ವಿಮೆಯವರು ಕಳಿಸಿದ ಮನುಷ್ಯ. ಯಾವುದೋ ಜ್ವರ ಬಂದಾಗಿನಿಂದ ಅವರಿಗೆ ವಾಸನೆಯೇ ತಿಳಿಯುತ್ತಿರಲಿಲ್ಲ. ನನ್ನ ಮೂಗು ಇರುವುದು ಕನ್ನಡಕ ನಿಲ್ಲಿಸುವುದಕ್ಕೆ ಮಾತ್ರ ಎಂದು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಿದ್ದರು. ಸುಟ್ಟ ಗಾಡಿ ನೋಡಲು ಮೂಗಿಲ್ಲದವರನ್ನು ಕಳಿಸಿದ್ದಾರಲ್ಲ ಎಂದು ವರ್ಕ್‌ಶಾಪಿನಲ್ಲಿ ಎಲ್ಲರೂ ನಕ್ಕಿದ್ದರು. ಅವರು ಮಾತ್ರ ಬಂದವರೇ ಗುಬ್ಬಿಯನ್ನು ಹತ್ತಿರ ಕರೆದು, ಈ ಕೆಲಸ ಮುಗಿಯೋವರೆಗೂ ನೀನೇ ನನ್ನ ಮೂಗು ಕಣಮ್ಮ ಎಂದು ಕಂಡದ್ದನ್ನೆಲ್ಲ ಅವಳಿಂದ ಮೂಸಿಸಿದ್ದರು.

ಈಗ ಒಂದು ಟವೆಲ್ಲನ್ನು ಚಿಮುಟದಲ್ಲಿ ಎತ್ತಿ ಹಿಡಿದರು. ಗೂಡಿನೊಳಗೆ, ಬ್ಯಾಟರಿಯ ಪಕ್ಕದ ಸಂದಿಯಲ್ಲಿ ತುರುಕಿದ್ದ ಹಳೆಯ ಹತ್ತಿಯ ಟವೆಲ್ಲು. ಅದರ ತುಂಬ ತೂತು. ಇಲಿ ಕಡಿದದ್ದಾ ಇದು ಎಂದು ಕೇಳಿದರು. ಗುಬ್ಬಿ ಬಗ್ಗಿ ನೋಡಿದಳು. ತೂತಿನ ಅಂಚು ಕಪ್ಪಾಗಿರಲಿಲ್ಲ, ಹಲ್ಲಿನ ಗುರುತೂ ಇರಲಿಲ್ಲ. ಮುಟ್ಟಿದರೆ ನೂಲು ಪುಡಿಪುಡಿಯಾಗಿ ಉದುರಿತು. ಮೂಸಿದಳು. ಮೇಲೆ ಹೊಗೆಯ ವಾಸನೆ. ಅದರ ಕೆಳಗೆ ಇನ್ನೊಂದು, ಮೂಗಿನ ಒಳತುದಿಯನ್ನು ಚುಚ್ಚುವಂಥದ್ದು.

"ಹುಳಿ ಹುಳಿ" ಎಂದಳು, ತನಗೆ ಮಾತ್ರ ಕೇಳಿಸುವಷ್ಟು. ಪತ್ತೇದಾರರು ಕಿವಿ ಹತ್ತಿರ ತಂದು ಇನ್ನೊಮ್ಮೆ ಹೇಳಿಸಿಕೊಂಡರು. ಟವೆಲ್ಲನ್ನು ಮಡಚಿ ಪಕ್ಕಕ್ಕಿಟ್ಟರು.

ಮಾವ ಆ ಕಡೆಯಿಂದ ಈ ಕಡೆಗೆ ಅಡ್ಡಾಡುತ್ತಿದ್ದರು. ಬೆರಳಿನಲ್ಲಿ ಬೀಗದ ಕೈಗೊಂಚಲು ಗಿರಗಿರ ತಿರುಗುತ್ತಿತ್ತು. ಹಣೆಯಲ್ಲಿ ಬೆವರು, ಕೋಟಿನ ಗುಂಡಿ ಮಾತ್ರ ಕತ್ತಿನವರೆಗೆ.

ಸಂಜೆಯೊಳಗೆ ಪತ್ತೇದಾರರು ತಮ್ಮ ಅಭಿಪ್ರಾಯ ತಿಳಿಸಬೇಕಿತ್ತು. ಕೂರಿಸಿದವರ ತಪ್ಪು ಎಂದು ಅವರ ಬಾಯಿಂದ ಬಂದರೆ ಪೊಲೀಸರು ಭಾವನನ್ನು ಇಲ್ಲಿಂದಲೇ ಕರೆದೊಯ್ಯುತ್ತಾರೆ. ಮೇಷ್ಟ್ರಿಗೆ ಏನಾದರೂ ಹೆಚ್ಚುಕಡಿಮೆಯಾದರೆ ಅದು ಕೊಲೆಗೆ ಸಮನಾದ ಆರೋಪ. ಇದನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಗೇಟಿನ ಹೊರಗೆ ಜೀಪು ಬಂದು ನಿಂತೂ ಆಗಿತ್ತು.

ತಪ್ಪು ಎಂದು ತೋರಿಸಲು ಒಂದು ಸಂಗತಿಯೂ ಸಿಕ್ಕಿತ್ತು. ಬ್ಯಾಟರಿ ಗೂಡಿನಲ್ಲಿ ಮೊದಲು ಹೊರಕ್ಕೆ ಗಾಳಿ ಹೋಗುವ ಕಿಂಡಿಯಿತ್ತು, ಹಳೆಯ ಆ್ಯಸಿಡ್ ಬ್ಯಾಟರಿಯ ಕಾಲದ್ದು. ಲಿಥಿಯಂ ಕೂರಿಸುವಾಗ ಭಾವ ಅದನ್ನು ಮುಚ್ಚಿದ್ದರು. ಲಿಥಿಯಂನಿಂದ ಗ್ಯಾಸ್ ಬರುವುದಿಲ್ಲ, ಕಿಂಡಿ ಬೇಕಿಲ್ಲ. ಜೊತೆಗೆ ಕಿಂಡಿಯಿಂದ ಚಳಿಗಾಳಿ ಬಂದು ಪಾದ ಮರಗಟ್ಟುತ್ತೆ ಎಂದು ಮೇಷ್ಟ್ರೇ ಕೇಳಿಕೊಂಡಿದ್ದರು. ಆದರೆ ಈಗ ಸುಟ್ಟ ಗಾಡಿಯ ಮುಂದೆ ನಿಂತು ಹೇಳುವಾಗ ಅದು ಯಾರಿಗೂ ಸಮಾಧಾನ ತರುವ ಉತ್ತರವಾಗಿರಲಿಲ್ಲ.

ಮಾವ ಅಡ್ಡಾಡುವುದನ್ನು ನಿಲ್ಲಿಸಿ ಭಾವನ ಹೆಗಲ ಮೇಲೆ ಕೈಯಿಟ್ಟರು. ಮೆತ್ತಗೆ, ಮನೆಯ ಹಿರಿಯರ ದನಿಯಲ್ಲಿ ಹೇಳಿದರು.

"ನೋಡಪ್ಪಾ, ಕಿಂಡಿ ಮುಚ್ಚಿದ್ದು ತಪ್ಪಾಯ್ತು ಅಂತ ಒಂದು ಮಾತು ಒಪ್ಕೊಂಡುಬಿಡು. ಬೇಕೂಂತ ಮಾಡಿದ್ದಲ್ವಲ್ಲ. ನಿನ್ನ ಮನೆಯವಳು, ನಿನ್ನ ಸಂಸಾರ ನನಗೆ ಬಿಡು. ನಾನೇನು ಹೊರಗಿನವನಾ?"

"ಲಿಥಿಯಂಗೆ ಕಿಂಡಿ ಬೇಡ ಮಾವ. ನನಗೆ ಕೆಲಸ ಕಲಿಸಿದವರೇ ನೀವು. ನಿಮಗೆ ಗೊತ್ತಿಲ್ವಾ?"

"ನನಗೆ ಗೊತ್ತು. ಸುಟ್ಟಿರೋ ಗಾಡಿಗೆ ಗೊತ್ತಾಗ್ಬೇಕಲ್ಲ."

ಗುಬ್ಬಿಗೆ ಮಾವನ ಕಣ್ಣಿನಲ್ಲಿ ನೀರು ಕಂಡಿತು. ಅಪ್ಪ ಹೋದ ಮೇಲೆ ಅವಳ ಕಾಲೇಜು, ಅಕ್ಕನ ಮದುವೆ, ಭಾವನಿಗೆ ಈ ಕೆಲಸ ಎಲ್ಲವೂ ಈ ಮನುಷ್ಯನ ಕೈಯಿಂದಲೇ ಆದದ್ದು. ಅವಳು ಎಲ್ಲಿ ನೋಡಬೇಕೆಂದು ತಿಳಿಯದೆ ಕಾಲಿನ ಬೆರಳನ್ನು ನೋಡಿದಳು. ಬೆರಳೂ ಸುಮ್ಮನಿರಲಿಲ್ಲ.

ಪತ್ತೇದಾರರು ಇದನ್ನೆಲ್ಲ ಕೇಳಿಸಿಕೊಂಡೂ ಕೇಳಿಸಿಕೊಳ್ಳದವರ ಹಾಗೆ ಎದ್ದು ಮೂಲೆಯ ನೀರಿನ ಡ್ರಮ್ಮಿನ ಹತ್ತಿರ ಹೋದರು. ಸುಟ್ಟ ಲಿಥಿಯಂ ಮತ್ತೆ ಹೊತ್ತಿಕೊಳ್ಳಬಹುದೆಂದು ನೀರಿನಲ್ಲಿ ಮುಳುಗಿಸಿಡುವುದು ಈ ಕೆಲಸದಲ್ಲಿ ವಾಡಿಕೆ. ಗಾಡಿಯನ್ನು ಇಲ್ಲಿಗೆ ಎಳೆತಂದ ದಿನ ಮಾವನೇ ಬ್ಯಾಟರಿಯನ್ನು ತೆಗೆದು ಡ್ರಮ್ಮಿಗೆ ಹಾಕಿದ್ದರು. ಇವತ್ತು ಬೆಳಿಗ್ಗೆ ಪತ್ತೇದಾರರು ಅದನ್ನು ಮೇಲೆತ್ತಿಸಿ ಕೊಯ್ಯಿಸಿದ್ದರು. ಪೆಟ್ಟಿಗೆಯ ಹೊರಮೈ ಇದ್ದಿಲು. ಒಳಗಿನ ಕೋಶಗಳೆಲ್ಲ ಹೊಸದರಂತೆ.

ಹೊರಗೆ ಸೀದಿದೆ, ಒಳಗೆ ಹಸಿ. ಅವಸರದ ಅಡುಗೆ ಇದ್ದ ಹಾಗಿದೆಯಲ್ಲ ಎಂದು ಪತ್ತೇದಾರರು ತಮ್ಮಷ್ಟಕ್ಕೆ ಗೊಣಗಿದರು. ಪೆಟ್ಟಿಗೆ ಗಟ್ಟಿ ಸ್ವಾಮಿ, ಅದಕ್ಕೇ ಒಳಗೆ ತಾಗಿಲ್ಲ ಎಂದು ಮಾವ ಹೇಳಿದರು. ಹಾಗಾದರೆ ಸಿಡಿದದ್ದು ಯಾವುದು ಎಂದು ಅವರು ಕೇಳಿದರು. ಒಲೆಯ ಸಿಲಿಂಡರು ಹೊರಗಿನ ಗೂಡಿನಲ್ಲಿ ಬಣ್ಣ ಕೂಡ ಮಾಸದೆ ಕೂತಿತ್ತು. ತಗಡು ಬಡಿದುಕೊಂಡಿತು.

"ಒಂದು ಕೆಲಸ ಮಾಡಿ" ಎಂದು ಪತ್ತೇದಾರರು ಭಾವನ ಕಡೆ ತಿರುಗಿದರು. "ಈ ಬ್ಯಾಟರಿ ಹೊತ್ತಿ ಉರಿಯೋ ಕಥೆ ಸಾಕು. ಇದು ತಾನಾಗೇ ಖಾಲಿಯಾಗೋದು ಹೇಗೆ ಅಂತ ತೋರಿಸಿ. ನಾನು ನೋಡಿಲ್ಲ."

ಭಾವ ಬೆಂಚಿನ ಮೇಲಿದ್ದ, ಹೆಚ್ಚುಕಮ್ಮಿ ಖಾಲಿಯಾಗಿದ್ದ ಲಿಥಿಯಂ ಒಂದಕ್ಕೆ ಹೆಡ್‌ಲೈಟಿನ ಬಲ್ಬು ಕಟ್ಟಿದರು. ಬಲ್ಬು ಕಣ್ಣು ಕುಕ್ಕುವ ಹಾಗೆ ಬೆಳಗಿತು. ಕಾದರು. ಮಾವ ಗಡಿಯಾರ ನೋಡಿದರು, ಗೇಟು ನೋಡಿದರು, ಕೈಗೊಂಚಲು ತಿರುಗಿಸಿದರು. ಗುಬ್ಬಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಳು. ಬಲ್ಬು ಮಾತ್ರ ಅದೇ ಬೆಳಕು. ಪತ್ತೇದಾರರು ಆಕಳಿಸಿದರು. ಅದೇ ಬೆಳಕು.

ಆಮೇಲೆ ತಟ್ಟನೆ ಏನೂ ಇಲ್ಲ. ಎಚ್ಚರಿಕೆಯಿಲ್ಲ, ಮಿಣುಕಿಲ್ಲ, ಯಾರೋ ಬಾಯಿ ಮುಚ್ಚಿದ ಹಾಗೆ.

ಇದೇ ಇದರ ಗುಣ ಎಂದು ಭಾವ ವಿವರಿಸಿದರು. ಒಳಗೊಂದು ಕಾವಲು ಪಟ್ಟಿಯಿದೆ, ಕೋಶಗಳಿಗೆ ಪೆಟ್ಟಾಗುವ ಮುಂಚೆ ಅದೇ ಕರೆಂಟು ಕತ್ತರಿಸಿಬಿಡುತ್ತದೆ. ಅಲ್ಲಿಯವರೆಗೂ ಬೆಳಕು ಒಂದಿಷ್ಟೂ ಇಳಿಯುವುದಿಲ್ಲ. ಹಳೇ ಬ್ಯಾಟರಿಗೆ ಒಗ್ಗಿದವರಿಗೆ ಇದೊಂದೇ ಸಿಟ್ಟು. ಬಾಕಿ ಎಲ್ಲದಕ್ಕೂ ಮೆಚ್ಚುತ್ತಾರೆ, ಇದಕ್ಕೆ ಮಾತ್ರ ನನಗೆ ಬೈಯುತ್ತಾರೆ. ಬೇಕಾದರೆ ನಮ್ಮ ಗುಬ್ಬಿಯನ್ನು ಕೇಳಿ, ಬೈಗುಳವೆಲ್ಲ ಮೊದಲು ಹೋಗಿ ಬೀಳುವುದು ಅವಳ ಕಿವಿಗೇ.

ಗುಬ್ಬಿ ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳ ಕಿವಿಯಲ್ಲಿ ಬೇರೊಂದು ದನಿ ಎದ್ದಿತ್ತು.

ಮುಖ ಮರೆಯುತ್ತಿದ್ದಳು, ಹೆಸರು ಮರೆಯುತ್ತಿದ್ದಳು. ಕಿವಿಗೆ ಬಿದ್ದ ದನಿಯನ್ನು ಮರೆತವಳಲ್ಲ. ಮೇಷ್ಟ್ರೊಂದಿಗೆ ಅವಳು ಎರಡು ಸಲ ಮಾತಾಡಿದ್ದಳು. ಮೊದಲನೆಯದು ಬ್ಯಾಟರಿ ಕೂರಿಸಿದ ಹೊಸದರಲ್ಲಿ. ಎಲ್ಲಾ ತೃಪ್ತಿ ಕಣಮ್ಮ, ಆದರೆ ಮಲಗಿಕೊಂಡು ಓದುತ್ತಿರುತ್ತೇನೆ, ವಾಕ್ಯದ ಮಧ್ಯೆ ದೀಪ ಹೋಗಿಬಿಡುತ್ತೆ, ಕರ್ತೃ ಸಿಕ್ಕಿ ಕ್ರಿಯಾಪದ ಸಿಗದೆ ನಿದ್ದೆ ಬರಲ್ಲ ಎಂದು ನಕ್ಕಿದ್ದರು.

ಎರಡನೆಯದು ಈಚೆಗೆ, ಗಾಡಿ ವರ್ಷದ ಸರ್ವಿಸ್ ಮುಗಿಸಿಕೊಂಡು ಹೋದ ಮೇಲೆ. ಅವಳು ಮಾಮೂಲಿನಂತೆ ಕೇಳಿದ್ದಳು. ಮೇಷ್ಟ್ರು ಹೇಳಿದ್ದರು:

"ಈಗ ಪೂರಾ ತೃಪ್ತಿ. ಅದೇನು ರಿಪೇರಿ ಮಾಡಿದ್ರೋ, ದೀಪ ಈಗ ಮೆಲ್ಲಮೆಲ್ಲಗೆ ಮಂಕಾಗ್ತಾ ಬರುತ್ತೆ. ಸಾಕು ಮೇಷ್ಟ್ರೇ, ಪುಸ್ತಕ ಮುಚ್ಚಿ ಮಲಗಿ ಅಂತ ಯಾರೋ ಪಕ್ಕದಲ್ಲಿ ಕೂತು ಹೇಳ್ದಂಗಿರುತ್ತೆ. ನನಗೆ ಹಾಗೆ ಹೇಳೋರು ಯಾರಿದ್ದಾರಮ್ಮ?"

ಅವಳಿಗೆ ಕಣ್ಣು ತುಂಬಿ ಬಂದಿತ್ತು. ಥ್ಯಾಂಕ್ಸ್ ಹೇಳಿ ಫೋನಿಟ್ಟಿದ್ದಳು.

ಯಾಕೆ ಮಂಕಾಗುತ್ತೆ ಎಂದು ಕೇಳಿರಲಿಲ್ಲ.

ಲಿಥಿಯಂ ಮಂಕಾಗುವುದಿಲ್ಲ. ಅದಕ್ಕೆ ಮಂಕಾಗಲು ಬರುವುದೇ ಇಲ್ಲ.

ಹೇಳಬೇಕು. ಬಾಯಿ ತೆರೆದಳು. ಗಾಳಿ ಬಂತು, ಮಾತು ಬರಲಿಲ್ಲ. ಎದುರಿಗೆ ಮೂವರು ಗಂಡಸರು, ಗೇಟಿನಲ್ಲಿ ಜೀಪು. ಫೋನಿನಲ್ಲಾದರೆ ಮುಖ ಕಾಣುವುದಿಲ್ಲ; ಇಲ್ಲಿ ಎಲ್ಲ ಮುಖಗಳೂ ಕಾಣುತ್ತಿದ್ದವು.

ಅವಳು ತಿರುಗಿ ನಡೆದಳು. ಎಲ್ಲಿಗೆ ಕಂದಾ ಎಂದು ಮಾವ ಕೇಳಿದ್ದಕ್ಕೂ ನಿಲ್ಲಲಿಲ್ಲ. ಷೆಡ್ಡಿನ ಹಿಂದೆ, ಗಿರಾಕಿಗಳ ಗಾಡಿಯಿಂದ ಬಿಚ್ಚಿ ಹಾಕಿದ ಹಳೇ ಆ್ಯಸಿಡ್ ಬ್ಯಾಟರಿಗಳ ರಾಶಿಯಿತ್ತು. ಒಂದನ್ನು ಹಿಡಿದು ಎಳೆದಳು. ಜಗ್ಗಲಿಲ್ಲ. ಎರಡೂ ಕೈ ಹಾಕಿದಳು. ಭಾವ ಓಡಿ ಬಂದರು. ಏನೇ ಇದು, ಸೊಂಟ ಮುರ್ಕೋತೀಯಾ ಎಂದು ಗದರಿಸಿ, ಅವಳ ಮುಖ ನೋಡಿ ಸುಮ್ಮನಾದರು. ತಾವೇ ಅದನ್ನು ಹೊಟ್ಟೆಗೆ ಆನಿಸಿಕೊಂಡು ಎತ್ತಿ ತಂದು ಬೆಂಚಿನ ಮೇಲಿಟ್ಟರು.

ಅವಳೇ ಬಲ್ಬು ಕಟ್ಟಿದಳು. ಕ್ಲಿಪ್ಪು ಒಮ್ಮೆ ಜಾರಿತು, ಮತ್ತೆ ಸಿಕ್ಕಿಸಿದಳು.

ಬಲ್ಬು ಬೆಳಗಿತು. ಸ್ವಲ್ಪ ಹೊತ್ತಿಗೆ ಅದರ ಬಿಳುಪು ಹಳದಿಯಾಯಿತು. ಹಳದಿ ಕೆಂಪಾಯಿತು. ಒಳಗಿನ ತಂತಿ ಕಾಣುವಷ್ಟು ಇಳಿದು, ನಿದ್ದೆಗಣ್ಣಿನವರಂತೆ ಕೊನೆಗೆ ಮುಚ್ಚಿಕೊಂಡಿತು.

ಅವಳು ಪತ್ತೇದಾರರ ಕಿವಿಯ ಹತ್ತಿರ ಹೋಗಿ ಪಿಸುಗುಟ್ಟಿದಳು. ಮೇಷ್ಟ್ರ ಮಾತು, ಅವರ ನಗು, ಪುಸ್ತಕ ಮುಚ್ಚಿ ಎನ್ನುವ ದೀಪ, ಎಲ್ಲವನ್ನೂ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಕೇಳಿ ಮುಗಿದ ಮೇಲೆ ಕಟ್ಟಿದ ಮೂಗಿನ ತಮ್ಮ ದೊಡ್ಡ ದನಿಯಲ್ಲಿ ಅದನ್ನೆಲ್ಲ ಮತ್ತೊಮ್ಮೆ ಹೇಳಿದರು. ಟವೆಲ್ಲನ್ನು ಬಿಚ್ಚಿ ಬೆಂಚಿನ ಮೇಲೆ ಹರಡಿದರು.

"ಇಲಿಯಲ್ಲ. ಆ್ಯಸಿಡ್ಡು. ಮೇಷ್ಟ್ರ ಗಾಡಿಯಲ್ಲಿ ಇದ್ದದ್ದು ಲಿಥಿಯಂ ಅಲ್ಲ."

ಭಾವ ಬೆಂಚನ್ನು ಹಿಡಿದುಕೊಂಡರು. ಅವರ ಮುಖದಲ್ಲಿ ಒಂದೊಂದೇ ಸಂಗತಿ ಜೋಡಿಸಿಕೊಳ್ಳುತ್ತಿರುವುದು ಕಾಣುತ್ತಿತ್ತು. ಚಾರ್ಜರು ಲಿಥಿಯಂನದು. ಅದಕ್ಕೆ ಆ್ಯಸಿಡ್ ಬ್ಯಾಟರಿ ಕಟ್ಟಿದರೆ ಅದು ದಿನವಿಡೀ ಕುದಿಯುತ್ತೆ. ಕುದಿದರೆ ಗ್ಯಾಸ್. ಹೋಗಲು ಕಿಂಡಿಯಿಲ್ಲ.

"ಕಿಂಡಿ ನಾನೇ ಮುಚ್ಚಿದ್ದೆ" ಎಂದರು, ಯಾರಿಗೋ ಹೇಳುವಂತೆ.

ಗುಬ್ಬಿಗೆ ಎದೆ ಹಗುರವಾಗತೊಡಗಿತ್ತು. ಒಂದೇ ಕ್ಷಣ. ಮಾವ ದೊಡ್ಡದಾಗಿ ನಿಟ್ಟುಸಿರು ಬಿಟ್ಟರು.

"ಅಂದ್ರೆ ಸರ್ವಿಸ್‌ನಲ್ಲಿ ಯಾರೋ ಬ್ಯಾಟರಿ ಬದಲಾಯಿಸಿದ್ದಾರೆ ಅಂತಾಯ್ತು. ಒಳ್ಳೇದನ್ನ ಎತ್ತಿಟ್ಕೊಂಡು, ಅದೇ ಗೂಡಿಗೆ ಹಾಳುಮೂಳನ್ನ ತುಂಬಿದ್ದಾರೆ." ಮಾವ ಭಾವನ ಕಡೆ ನೋಡಲಿಲ್ಲ, ನೆಲ ನೋಡಿದರು. "ಆ ಗಾಡಿ ಸರ್ವಿಸ್ ಮಾಡಿದ್ದು ಯಾರು ಅಂತ ನನ್ನ ಬಾಯಿಂದ ಹೇಳಿಸಬೇಡಿ ಸ್ವಾಮಿ. ನನ್ನ ಮನೆಯ ಮಗು ಕೈಹಿಡಿದವನು."

ಸರ್ವಿಸ್ ಮಾಡಿದ್ದು ಭಾವ.

ಅಜಾಗರೂಕತೆ ಎಂಬ ಆರೋಪ ಹೋಗಿ ಕಳ್ಳತನ ಬಂದಿತ್ತು, ಮೇಲೆ ಮೇಷ್ಟ್ರ ಜೀವ. ತಂದು ಹೇರಿದ್ದು ಗುಬ್ಬಿ, ತನ್ನ ಕೈಯಾರೆ, ಬಲ್ಬು ಕಟ್ಟಿ. ಭಾವ ಅವಳ ಕಡೆ ನೋಡಿದರು. ಸಿಟ್ಟಿರಲಿಲ್ಲ. ಮೆಟ್ಟಿಲಿದೆ ಎಂದು ಕಾಲಿಟ್ಟು, ಇಲ್ಲದೆ ಹೋದಾಗ ಮುಖ ಹೇಗಾಗುತ್ತದೋ ಹಾಗಿತ್ತು.

"ಸರ್ವಿಸ್ ಮಾಡಿದೆ, ನಿಜ. ಬ್ಯಾಟರಿ ಗೂಡು ನಾನು ತೆಗೆದಿಲ್ಲ. ಗಾಡಿ ಇಲ್ಲೇ ನಿಂತಿತ್ತು, ಆಮೇಲೆ..." ಎಂದು ಭಾವ ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದರು. ಆಮೇಲೆ ಗಾಡಿಯನ್ನು ಕೆರೆಯಂಚಿಗೆ ಬಿಟ್ಟುಬರಲು ಹೋದವರು ಮಾವ. ಅದನ್ನು ಬಾಯಿಬಿಟ್ಟು ಹೇಳುವುದು ಈ ಮನೆಯ ಅಳಿಯನಿಗೆ ಸಾಧ್ಯವಿರಲಿಲ್ಲ. ಸಾಕಿದವರತ್ತ ಬೆರಳು ತೋರಿಸುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಜೇಬಿನಲ್ಲಿ ಮೊಬೈಲು ಗುಂಯ್‌ಗುಟ್ಟಿತು. ಅಕ್ಕ.

ಪತ್ತೇದಾರರು ಸ್ಟೂಲಿನ ಮೇಲೆ ಮತ್ತೆ ಕೂತರು. ಅವಸರವೇ ಇಲ್ಲದವರ ಹಾಗೆ ಕನ್ನಡಕ ತೆಗೆದು ಒರೆಸಿದರು. ಗ್ಯಾಸ್ ತುಂಬಿದ ಮಾತ್ರಕ್ಕೆ ಸಿಡಿಯುವುದಿಲ್ಲ, ಕಿಡಿ ಬೇಕು ಎಂದರು. ಅಷ್ಟು ದಿನ ಸಿಡಿಯದ್ದು ಆ ಮಧ್ಯಾಹ್ನವೇ ಸಿಡಿಯಿತು. ಅಂದರೆ ಆ ಹೊತ್ತಿನಲ್ಲಿ ಯಾರೋ ಗೂಡಿಗೆ ಕೈಹಾಕಿ ವೈರು ಬಿಚ್ಚಿದ್ದಾರೆ. ಮೇಷ್ಟ್ರು ದಿನವೂ ಕೆರೆ ಸುತ್ತಲು ಹೋಗುವ ಹೊತ್ತು ಅದು. ಗಾಡಿ ಖಾಲಿ ಎಂದುಕೊಂಡೇ ಬಂದಿದ್ದಾರೆ. ಕದ್ದದ್ದನ್ನು ವಾಪಸ್ ಇಟ್ಟು, ಆ್ಯಸಿಡ್ ಬ್ಯಾಟರಿಯನ್ನು ಎತ್ತಿಕೊಂಡು ಹೋಗಲು. ಆದರೆ ಆ ದಿನ ಮೇಷ್ಟ್ರು ಯಾಕೋ ಒಳಗೇ ಇದ್ದರು. ಸಿಡಿದ ಆ್ಯಸಿಡ್ ಬ್ಯಾಟರಿಯನ್ನು ಹೊತ್ತುಕೊಂಡು ಓಡಿದ್ದಾರೆ; ವಾಪಸ್ ತಂದ ಲಿಥಿಯಂ ಬೆಂಕಿಯಲ್ಲಿ ಉಳಿದು ಹೊರಮೈ ಮಾತ್ರ ಸೀದಿದೆ, ಡ್ರಮ್ಮಿನಲ್ಲಿ ಸಿಕ್ಕದ್ದು ಅದೇ.

"ಕದ್ದವರು ವಾಪಸ್ ಇಡೋಕೆ ಯಾಕೆ ಬರ್ತಾರೆ? ಗುಟ್ಟು ಬಯಲಾಗೋ ಹಾಗಿದೆ ಅಂತ ತಿಳಿದರೆ ಮಾತ್ರ. ದೀಪ ಮಂಕಾಗುತ್ತೆ ಅನ್ನೋ ಈ ಮಾತು, ಈ ಹುಡುಗಿಯನ್ನ ಬಿಟ್ಟು ಇನ್ಯಾರಿಗೆ ಗೊತ್ತಿತ್ತು? ನನಗೆ ಬೇಕಾಗಿರೋದು ಅಷ್ಟೇ."

ಗುಬ್ಬಿಯ ಕೈಬೆರಳು ಕುರ್ತಾದ ಅಂಚನ್ನು ಸುತ್ತಿ ಬಿಚ್ಚುತ್ತಿತ್ತು.

ಮಾವ ಎಲ್ಲರಿಗಿಂತ ಮೊದಲು ಉತ್ತರಿಸಿದರು. ದನಿಯಲ್ಲಿ ಅದೇ ಮಮತೆ.

"ಯಾರಿಗೂ ಗೊತ್ತಿಲ್ಲ ಸ್ವಾಮಿ. ನಾನೂ ಈಗಲೇ ಕೇಳ್ತಿರೋದು. ಈ ಮಗು ಮನೆಯಲ್ಲೇ ಬಾಯಿ ಬಿಡಲ್ಲ, ಇನ್ನು ಹೊರಗೆ ಬಿಡ್ತಾಳಾ? ಅವಳನ್ನ ಕೇಳಿ ಹಿಂಸೆ ಮಾಡ್ಬೇಡಿ, ನಾಚಿಕೆ ಸ್ವಭಾವ."

ಗುಬ್ಬಿ ತಲೆ ಎತ್ತಿದಳು.

ನಾನೂ ಈಗಲೇ ಕೇಳ್ತಿರೋದು.

ಆ ದಿನ ಮೇಷ್ಟ್ರ ಫೋನು ಇಟ್ಟವಳೇ ಅವಳು ಎದ್ದು ಮಾವ ಕೂರುವ ಗಾಜಿನ ಕೋಣೆಗೆ ಓಡಿದ್ದಳು. ಕೆಲಸಕ್ಕೆ ಸೇರಿದಾಗಿನಿಂದ ಯಾರೂ ಕೇಳದೆ ತಾನಾಗಿ ಹೋಗಿ ಹೇಳಿದ ಮೊದಲ ಸುದ್ದಿ ಅದು. ದೀಪ ಮೆಲ್ಲಗೆ ಮಂಕಾಗುತ್ತಂತೆ, ಮೇಷ್ಟ್ರಿಗೆ ತುಂಬ ಹಿಡಿಸಿದೆಯಂತೆ ಎಂದು ಒಂದೇ ಉಸಿರಿನಲ್ಲಿ ಒದರಿದ್ದಳು. ಮೇಜಿನ ಆಚೆ ತಿರುಗುತ್ತಿದ್ದ ಕೈಗೊಂಚಲು ನಿಂತಿತ್ತು. ಆಮೇಲೆ ನಗು, ಭೇಷ್ ಕಂದ ಎಂಬ ಮಾತು, ತಲೆಯ ಮೇಲೆ ಅಂಗೈ. ಬೇರೆ ಯಾರಿಗಾದರೂ ಹೇಳಿದ್ದೀಯಾ? ಇಲ್ಲ. ಒಳ್ಳೇದು, ಗಿರಾಕಿಗಳ ಮಾತು ನಮ್ಮ ನಮ್ಮಲ್ಲೇ ಇರಲಿ. ಅವತ್ತು ಅವಳು ಕುಣಿಯುವ ಹೆಜ್ಜೆಯಲ್ಲಿ ಮನೆಗೆ ಹೋಗಿದ್ದಳು. ಮರುದಿನ ಮಧ್ಯಾಹ್ನ ಮೇಷ್ಟ್ರ ಗಾಡಿ ಸಿಡಿದಿತ್ತು.

ಅವಳು ಎದುರಿಗೆ ನೋಡಿದಳು. ಬೇಯುವ ಷೆಡ್ಡಿನಲ್ಲಿ ಕತ್ತಿನವರೆಗೆ ಗುಂಡಿ ಹಾಕಿದ ಕೋಟು. ಅದರ ಒಳಗೆ, ಹೊಟ್ಟೆಯ ಮೇಲೆ, ಈಗಷ್ಟೇ ಭಾವ ಆ ಭಾರದ ಬ್ಯಾಟರಿಯನ್ನು ಆನಿಸಿಕೊಂಡ ಜಾಗದಲ್ಲೇ, ಸಾಸಿವೆಯಷ್ಟು ಸಾಸಿವೆಯಷ್ಟು ತೂತು. ಬೆಂಚಿನ ಮೇಲೆ ಟವೆಲ್ಲು ಗಾಳಿಗೆ ಅಂಚು ಎತ್ತಿತು, ಇಳಿಸಿತು.

ಪತ್ತೇದಾರರು ಕನ್ನಡಕ ಹಾಕಿಕೊಂಡು ಗುಬ್ಬಿಯತ್ತ ತಿರುಗಿದರು.

"ನಾನು ಅವರನ್ನ ಕೇಳಿದ್ದಲ್ಲ ಮಗು. ನಿನ್ನನ್ನ ಕೇಳಿದ್ದು."

ಮಾವ ಅವಳನ್ನು ನೋಡಿ ನಕ್ಕರು. ಚಿಕ್ಕಂದಿನಿಂದ ಅವಳಿಗೆ ಗೊತ್ತಿದ್ದ ನಗು. ನೆಂಟರ ಮುಂದೆ ಮಾತು ಬಾರದೆ ಅವಳು ಕಂಗೆಟ್ಟಾಗಲೆಲ್ಲ, ಬಿಡು ಕಂದ, ನಿನ್ನ ಬದಲು ನಾನು ಹೇಳುತ್ತೇನೆ ಎಂದು ಕಾಪಾಡುತ್ತಿದ್ದ ನಗು. ಸುಮ್ಮನಿದ್ದರೆ ಸಾಕು. ಸುಮ್ಮನಿರುವುದು ಅವಳಿಗೆ ಬರುತ್ತಿತ್ತು. ಅದೊಂದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಹೇಳಿದರೆ ಈ ಮನೆ ಉಳಿಯುವುದಿಲ್ಲ. ಹೇಳದಿದ್ದರೆ ಭಾವ ಆ ಜೀಪು ಹತ್ತುತ್ತಾರೆ.

ಗೇಟಿನ ಹತ್ತಿರ ಜೀಪಿನ ಬಾಗಿಲು ತೆರೆದ ಸದ್ದಾಯಿತು. ಬೂಟಿನ ಹೆಜ್ಜೆ. ಭಾವ ಬೆಂಚನ್ನು ಬಿಟ್ಟು ನೆಟ್ಟಗೆ ನಿಂತು, ಅಂಗೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡರು. ಹೊರಡಲು ಸಿದ್ಧರಾಗುವವರ ಹಾಗೆ. ಅವಳ ಕಡೆ ನೋಡಿ, ಡಬ್ಬಿ ಮನೆಗೆ ತಗೊಂಡು ಹೋಗು, ನಿಮ್ಮಕ್ಕನಿಗೆ ತಿಂದರು ಅಂತ ಹೇಳು ಎಂದರು.

ಮಾವನ ಬೆರಳಿನಲ್ಲಿ ಕೈಗೊಂಚಲು ಮತ್ತೆ ತಿರುಗತೊಡಗಿತು.

ಗುಬ್ಬಿ ಬಾಯಿ ತೆರೆದಳು. ಬಂದದ್ದು ಪಿಸುಮಾತಲ್ಲ. ತಗಡಿಗೆ ತಾಗಿ ತಿರುಗಿ ಬಂದಾಗ ಅದು ತನ್ನದೇ ದನಿಯೆಂದು ಅವಳಿಗೇ ನಂಬಿಕೆಯಾಗಲಿಲ್ಲ.

"ಹೇಳಿದ್ದೆ. ನಿಮಗೊಬ್ಬರಿಗೇ ಹೇಳಿದ್ದೆ, ಮಾವ."